ಬಳಿಯದೆ ಬಿಟ್ಟ ಗೋಡೆ

ಆ ಕಾಲದ ಬಗ್ಗೆ ಬರೆಯಲು ಕೂತಾಗ ಮೊದಲು ನನ್ನ ಕೈಯನ್ನು ನಾನೇ ಹಿಡಿದು ನಿಲ್ಲಿಸಬೇಕಾಗುತ್ತದೆ. ‘ಆಗೆಲ್ಲ’ ಎಂದು ಬರೆದರೆ ಸಾಕು, ಹುಲ್ಲಿನ ಮನೆ ಚಂದವಾಗಿಬಿಡುತ್ತದೆ, ಒಣ ರೊಟ್ಟಿ ರುಚಿಯಾಗಿಬಿಡುತ್ತದೆ, ಸತ್ತವರು ನಗತೊಡಗುತ್ತಾರೆ. ನಮ್ಮ ಮನೆ ಚಂದವಿರಲಿಲ್ಲ. ಕುಶಾಲನಗರದಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ. ಕಾಡು ಸವರಿ ಮಾಡಿದ ಗದ್ದೆ, ಅದರ ಏರಿಯ ಮೇಲೆ ಮಣ್ಣಿನ ಗೋಡೆ, ಹುಲ್ಲಿನ ಮಾಡು. ಆಗ ಕೊಡಗೇ ಬೇರೆ ರಾಜ್ಯ. ಹೊಳೆಯ ಸೇತುವೆ ದಾಟಿದರೆ ಮೈಸೂರು. ಹಾಸನದ ಕಡೆಯಿಂದ ನಾವು ಕೆಲವು ಸಂಸಾರಗಳು ಸೇತುವೆ ದಾಟಿ ಈಚೆ ಬಂದದ್ದು ನೀರಿನ ಆಸೆಗೆ. ನೀರೇನೋ ಇತ್ತು. ನೀರಿದ್ದಲ್ಲಿ ಸೊಳ್ಳೆಯೂ ಇತ್ತು.

ಚಳಿಜ್ವರದ ಆಟ ಅಂತ ನಾವು ಮಕ್ಕಳು ಒಂದು ಆಟ ಆಡುತ್ತಿದ್ದೆವು. ಒಬ್ಬರು ನೆಲದ ಮೇಲೆ ಮಲಗಿ ಹಲ್ಲು ಕಟಕಟ ಕಡಿಯಬೇಕು. ಉಳಿದವರು ಗೋಣಿ, ಕಂಬಳಿ, ಹುಲ್ಲು, ಸಿಕ್ಕಿದ್ದನ್ನೆಲ್ಲ ತಂದು ಮೇಲೆ ಹೇರಬೇಕು. ‘ಸಾಕು’ ಎಂದು ಕೂಗಿದವರು ಸೋತಂತೆ. ನಮ್ಮಣ್ಣ ನಂಜ ಎಂದೂ ಸೋಲುತ್ತಿರಲಿಲ್ಲ. ಬಂದ ವರ್ಷವೇ, ಮಳೆಗಾಲ ಮುಗಿಯುವ ಹೊತ್ತಿಗೆ, ಅವನು ನಿಜವಾದ ಚಳಿಯಲ್ಲಿ ಸತ್ತ. ಗದ್ದೆಯ ಏರಿಯ ಆ ತುದಿಯಲ್ಲಿ ಅವನನ್ನು ಮಣ್ಣು ಮಾಡಿದರು. ನಾವು ಆಟ ಬಿಡಲಿಲ್ಲ. ಇದನ್ನು ಬರೆಯಬಾರದಿತ್ತೇನೋ, ಆದರೆ ಬಿಡಲಿಲ್ಲ.

ಆಮೇಲೆ ಒಂದೊಂದೇ ಸಂಸಾರ ಹೊರಟಿತು. ಗಾಡಿಯಲ್ಲಿ ಒರಳು, ಕೋಳಿಬುಟ್ಟಿ, ಕಂಬಳಿ ಹೊದ್ದ ಮುದುಕ. ನಮ್ಮಲ್ಲಿ ಯಾರೂ ‘ಹೋಗ್ತೀವಿ’ ಅನ್ನುವುದಿಲ್ಲ, ‘ಹೋಗಿಬರ್ತೀವಿ’ ಅನ್ನುತ್ತಾರೆ. ಆ ಗಾಡಿಗಳಲ್ಲಿ ಕೂತವರು ಎರಡನ್ನೂ ಹೇಳುತ್ತಿರಲಿಲ್ಲ. ಹೋಗಿಬರ್ತೀವಿ ಅಂದರೆ ಸುಳ್ಳು, ಹೋಗ್ತೀವಿ ಅಂದರೆ ಅಪಶಕುನ. ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ಕೊನೆಗೆ ಉಳಿದದ್ದು ನಾವು ಮತ್ತು ಪಕ್ಕದ ಸಣ್ಣಕ್ಕನ ಮನೆ. ಸಣ್ಣಕ್ಕ ಅವ್ವನಿಗಿಂತ ದೊಡ್ಡವಳು, ಬಾಯಿ ಜೋರು, ಮಕ್ಕಳಿಲ್ಲದವಳು. ಅವಳ ಗಂಡ ಗಾಡಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದುದನ್ನು ನೋಡಿ ಅಪ್ಪ ಅವ್ವನಿಗೆ ಹೇಳಿದರು:

“ಯುಗಾದಿ ಕಳೀಲಿ. ಅವರ ಜತೆಗೇ ಹೊರಡಾನ.”

“ಎಲ್ಲಿಗೆ?”

“ಊರಿಗೆ.”

“ಊರಲ್ಲಿ ಏನೈತೆ? ಮುಗಿಲು ನೋಡ್ಕೊಂಡು ಕೂರೋ ಹೊಲ. ಇಲ್ಲಿ ನನ್ನ ಮಗ ಅವ್ನೆ.”

“ಇನ್ನೊಬ್ಬ ಮಗ ಬದುಕವ್ನೆ, ಅದು ನೆನಪಿರಲಿ.”

ಇನ್ನೊಬ್ಬ ಮಗ ಎಂದರೆ ರಾಜು, ನನ್ನ ತಮ್ಮ. ಆಗ ಅವನಿನ್ನೂ ಚಡ್ಡಿ ಹಾಕದೆ ಓಡಾಡುವ ವಯಸ್ಸು. ಅಂದಿನಿಂದ ಮನೆಯಲ್ಲಿ ಪಾತ್ರೆ ಇಡುವ ಸದ್ದೂ ಜಗಳದ ಹಾಗೆ ಕೇಳುತ್ತಿತ್ತು.

ಶಿವರಾತ್ರಿಯ ಚಳಿ ಹೋದ ಮೇಲೆ ಮಲೇರಿಯಾದವರು ಬಂದರು. ಖಾಕಿ ಚಡ್ಡಿ, ಮೂಗಿಗೆ ಕಟ್ಟಿದ ಬಟ್ಟೆ, ಬಕೆಟ್ಟಿನಲ್ಲಿ ನಿಲ್ಲಿಸಿದ ಪಂಪು. ಅವರಲ್ಲಿ ಒಬ್ಬ ಕೇರಳದ ಕಡೆಯವನು, ಕುಂಞಿರಾಮ. ನಮ್ಮ ಬಾಯಲ್ಲಿ ಪಂಪಿನ ರಾಮಣ್ಣ. ಪಾತ್ರೆ ಪಗಡೆ, ಕಂಬಳಿ ಎಲ್ಲ ಹೊರಗೆ ಹಾಕಿಸಿ ಗೋಡೆಗಳಿಗೆ ಮದ್ದು ಹೊಡೆದ. ಸೀಮೆಎಣ್ಣೆಯಂಥದೇ, ಆದರೆ ಗಂಟಲಲ್ಲಿ ಕೂರುವ ವಾಸನೆ. ಅಜ್ಜಿ, ಎಂದರೆ ಅಪ್ಪನ ಅವ್ವ, ಬಾಗಿಲಿಗೆ ಅಡ್ಡ ನಿಂತಳು.

“ದೇವರ ಮೂಲೆಗೂ ಹೊಡೀತೀಯೇನೋ?”

“ದೇವರ್ಗೂ ಸೊಳ್ಳೆ ಕಚ್ಚುತ್ತದೆ ಅಜ್ಜೀ. ಚಳಿಜ್ವರ ಬಂದ್ರೆ ನಿಮ್ಮನ್ನ ಯಾರು ಕಾಪಾಡೋದು?”

ಅವ್ವ ನಕ್ಕಳು. ನಂಜ ಹೋದ ಮೇಲೆ ಅವಳು ನಕ್ಕದ್ದು ನನಗೆ ನೆನಪಿರುವುದು ಅದೊಂದೇ. ಅಥವಾ ಆ ನಗು ಅಲ್ಲಿರಲಿ ಎಂದು ನಾನೇ ಇಟ್ಟುಕೊಂಡೆನೋ, ಹೇಳಲಾರೆ. ಪಂಪಿನವರು ಅವಸರದಲ್ಲಿದ್ದರು. ಇನ್ನೂ ಕಾಡಿನವರ ಹಾಡಿಗಳಿಗೆ, ಎಸ್ಟೇಟಿನ ಕೂಲಿ ಲೈನುಗಳಿಗೆ ಹೋಗಬೇಕೆಂದು ಮದ್ದು ಆರುವ ಮೊದಲೇ ಹೊರಟುಹೋದರು.

ಗೋಡೆ ಆರಿದ ಮೇಲೆ ಬಿಳಿ ಕಲೆಗಳೆದ್ದವು. ಕಾಗೆಗಳ ಹಿಂಡೇ ಬಂದು ಕೂತು ಹೋದಂತಿತ್ತು. ಮನೆಯ ಬೆಕ್ಕು ಮೈ ನೆಕ್ಕಿ ನೆಕ್ಕಿ ನಡುಗಿ ಸತ್ತಿತು. ಆದರೆ ಸೊಳ್ಳೆಯ ಗುಂಯ್ ಸದ್ದು ನಿಂತಿತು. ಅವ್ವ ಮಧ್ಯಾಹ್ನಗಳಲ್ಲಿ ಕೆಲಸ ಬಿಟ್ಟು ಸುಮ್ಮನೆ ನಿಂತು ಆ ಸದ್ದಿಲ್ಲದ್ದನ್ನು ಕೇಳುತ್ತಿದ್ದಳು. “ಒಂದು ಮಳೆ ನೋಡಾನ,” ಎಂದು ಅಪ್ಪನೂ ಒಂದು ದಿನ ಅಂದುಬಿಟ್ಟರು.

ಆ ಮಾತಿನ ಸಂತೋಷಕ್ಕೇ ಅವ್ವ ಯುಗಾದಿಗೆ ಗೋಡೆ ಬಳಿದದ್ದು.

ಹಬ್ಬಕ್ಕೆ ಗೋಡೆ ಬಳಿಯದ ಮನೆ ನಮ್ಮವರಲ್ಲಿ ಇರಲಿಲ್ಲ. ಮೇಲಾಗಿ ಆ ಕಲೆಗಳು. ಮದ್ದು ಹೊಡೆದಾಯಿತು, ಸೊಳ್ಳೆ ಹೋದವು, ಇನ್ನು ಮನೆ ತೊಳೆದು ಮಡಿ ಮಾಡಬೇಕು; ಅವಳ ಲೆಕ್ಕದಲ್ಲಿ ಜ್ವರ ಬಿಟ್ಟವರಿಗೆ ತಲೆಗೆ ನೀರು ಹಾಕಿದಂತೆ ಅದು. ಏರಿಯಿಂದ ಕೆಮ್ಮಣ್ಣು ತಂದು ನೆನೆಹಾಕಿದಳು. ಸಗಣಿ ಕಲಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗೈಯಲ್ಲಿ ಅರ್ಧ ಚಂದ್ರ ಅರ್ಧ ಚಂದ್ರವಾಗಿ ಬಳಿಯುತ್ತ ಹೋದಳು. ನಾನು ಕೆಳಗಿನ ಪಟ್ಟಿ, ಅವಳು ಮೇಲಿನದು. ಹಸಿ ಮಣ್ಣಿನ ವಾಸನೆ ಮದ್ದಿನ ವಾಸನೆಯನ್ನು ನುಂಗಿಹಾಕಿತು. ಅಷ್ಟು ಪ್ರೀತಿಯಿಂದ ಅವಳು ಆ ಮನೆಯನ್ನು ಎಂದೂ ಬಳಿದಿರಲಿಲ್ಲ. ಹಬ್ಬದ ದಿನ ಬೇವಿನ ಎಲೆ ಸಿಗಲಿಲ್ಲ. “ಈ ಮನೇಗೆ ಬೇವು ಯಾಕೆ? ಕೊಯ್ನದ ಮಾತ್ರೆ, ಬೆಲ್ಲ ಕೊಡು ಸಾಕು,” ಎಂದು ಅಪ್ಪ ತಮಾಷೆ ಮಾಡಿದರು. ಕ್ವಿನೈನಿಗೆ ನಾವು ಕೊಯ್ನ ಅನ್ನುತ್ತಿದ್ದೆವು.

ಮೊದಲ ಮಳೆ ಬಿದ್ದು ಆಚೆ ತೋಟಗಳಲ್ಲಿ ಕಾಫಿ ಹೂ ಬಿಟ್ಟಿತು. ತಲೆ ಸುತ್ತುವಂಥ ಆ ವಾಸನೆಯಲ್ಲಿ, ಮಟಮಟ ಮಧ್ಯಾಹ್ನ, ರಾಜು ಜಗಲಿಯ ಬಿಸಿಲಲ್ಲಿ ಕೂತು ಹಲ್ಲು ಕಡಿಯತೊಡಗಿದ. ಆಟವೆಂದುಕೊಂಡು ನಾನು ಗೋಣಿ ತಂದು ಹೊದಿಸಿದೆ. ಅವನು ‘ಸಾಕು’ ಅನ್ನಲಿಲ್ಲ. ಇನ್ನೊಂದು ತಂದೆ. ಅಷ್ಟರಲ್ಲಿ ಅವ್ವ ಬಂದು ನನ್ನ ಕೈಯಿಂದ ಗೋಣಿ ಕಿತ್ತುಕೊಂಡು ಅವನ ಮುಖ ನೋಡಿದಳು.

ಇಲ್ಲಿ ಒಂದು ತೊಡಕಿದೆ. ರಾಜು ಈಗಲೂ ಇದ್ದಾನೆ, ಸೋಮವಾರಪೇಟೆಯಲ್ಲಿ. ಅವನು ಹೇಳುವುದೇ ಬೇರೆ: “ಜ್ವರ ಬಂದದ್ದು ನನಗಲ್ಲ ಕಣಕ್ಕ, ನಿನಗೆ. ಗೋಣಿ ಹೊದಿಸಿದ್ದು ನಾನು.” ಇಬ್ಬರಿಗೂ ಬಂದಿರಬಹುದು. ಕಂಬಳಿಯೊಳಗಿನ ಕತ್ತಲು ನನಗೂ ಗೊತ್ತು, ನನ್ನದೇ ಉಸಿರು ಮುಖಕ್ಕೆ ಸುಡುತ್ತಿದ್ದುದು ಗೊತ್ತು. ಯಾವುದು ಯಾರದ್ದೆಂದು ಬಿಡಿಸುವವಳು ಅವ್ವ ಒಬ್ಬಳೇ, ಅವಳಿಲ್ಲ. ನನ್ನ ನೆನಪಿನಂತೆಯೇ ಮುಂದುವರಿಸುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಒಂದು ದಿನ ಬಿಟ್ಟು ಒಂದು ದಿನ ಚಳಿ ಬಂತು. ಕೊಯ್ನ ಕೊಟ್ಟರೆ ವಾಂತಿ. ಸಣ್ಣಕ್ಕನ ಗಾಡಿ ಕಟ್ಟಿ ನಿಂತಿತ್ತು. ಅವಳು ಬಂದು ರಾಜುವಿನ ಹೊಟ್ಟೆ ಮುಟ್ಟಿ ನೋಡಿದಳು. ಪಕ್ಕೆಯ ಕೆಳಗೆ ಜ್ವರಗಡ್ಡೆ ಕೈಗೆ ಸಿಗುತ್ತಿತ್ತು.

“ಇನ್ನೂ ಏನು ನೋಡ್ತೀಯೇ? ಎತ್ತು ಮಗೀನ, ಹತ್ತು ಗಾಡಿ.”

“ಕುಲುಕಾಟಕ್ಕೆ ದಾರೀಲೇ ಹೋಯ್ತದೆ ಕಣಕ್ಕ.”

“ಇಲ್ಲಿ ಇದ್ರೆ?”

ಅಪ್ಪ ಎತ್ತಿನ ಕೊರಳ ಹಗ್ಗ ಹಿಡಿದು ನಿಂತಿದ್ದರು. ಗಾಡಿಯನ್ನು ತಡೆಯುತ್ತಿದ್ದಾರೋ, ಹೊರಡಿಸುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಪಂಪಿನ ರಾಮಣ್ಣ ಏರಿಯ ಮೇಲೆ ಬಂದ. ಮದ್ದು ಹೊಡೆದ ಮನೆಗಳನ್ನು ತಿರುಗಿ ನೋಡಿಕೊಂಡು ಬಾ ಎಂದು ಅವನನ್ನು ಕಳಿಸಿದ್ದರಂತೆ. ಒಳಗೆ ಬಂದವನು ಮಗುವನ್ನು ನೋಡಲಿಲ್ಲ, ಗೋಡೆ ನೋಡಿದ. ಉಗುರಿನಿಂದ ಕೆರೆದ. ಕೆಂಪು ಉದುರಿ ಕೆಳಗಿನ ಬಿಳಿ ಕಂಡಿತು.

“ಅಯ್ಯೋ ಎಂತದಮ್ಮಾ ಇದು! ಮದ್ದೆಲ್ಲ ಮಣ್ಣಿನ ಅಡಿಗೆ ಹೋಯ್ತಲ್ಲಾ!”

“ಹಬ್ಬ ಇತ್ತು,” ಅಂದಳು ಅವ್ವ.

“ಸೊಳ್ಳೆ ಕಚ್ಚಿ ಹೋಗಿ ಗೋಡೇಲಿ ಕೂರ್ತದೆ. ಗೋಡೇಲಿ ಮದ್ದಿದ್ರೆ ಸಾಯ್ತದೆ. ನೀವು ಮದ್ದಿಗೆ ಹೊದಿಕೆ ಹಾಕಿ ಸೊಳ್ಳೆಗೆ ಹಾಸಿಗೆ ಮಾಡಿ ಕೊಟ್ಟಿದ್ದೀರಲ್ಲ!”

ಅವನು ಬೈದದ್ದಲ್ಲ. ಅವನಿಗೂ ಅಳು ಬಂದಿತ್ತು ಅನ್ನಿಸುತ್ತದೆ. ಹೋದ ಸಲವೇ ಇದನ್ನು ಹೇಳಬೇಕಿತ್ತು ಎಂದು ತನ್ನ ತಲೆ ತಾನೇ ಚಚ್ಚಿಕೊಂಡ. ಅವ್ವ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಗೆರೆಗಳಲ್ಲಿ ಕೆಮ್ಮಣ್ಣು ಇನ್ನೂ ಇತ್ತು.

ರಾಮಣ್ಣ ಬೇರೆ ಮಾತ್ರೆ ಕೊಟ್ಟ, ಬೆಲ್ಲದಲ್ಲಿ ಅರೆದು ನೆಕ್ಕಿಸಲು ಹೇಳಿದ. ಮಾರನೆಯ ದಿನ ಪಂಪು ತಂದು ಮತ್ತೆ ಹೊಡೆದ. “ಇನ್ನು ಮುಟ್ಟಬೇಡಿ. ಹಬ್ಬ ಬರಲಿ, ಮದುವೆ ಬರಲಿ, ಬಳಿಯಬೇಡಿ,” ಎಂದ. ಅಷ್ಟರಲ್ಲಿ ಸಣ್ಣಕ್ಕನ ಗಾಡಿ ಹೋಗಿಯಾಗಿತ್ತು. ಹಗ್ಗ ಬಿಟ್ಟದ್ದು ಅಪ್ಪನೇ. ಸಣ್ಣಕ್ಕ ಮಾತ್ರ ತಿರುಗಿ ಕೂತು ಏನೋ ಕೂಗಿದಳು. ಬೈಗುಳವೋ, ಹರಕೆಯೋ, ಗಾಡಿಯ ಸದ್ದಿನಲ್ಲಿ ಕೇಳಿಸಲಿಲ್ಲ.

ರಾಜುವಿನ ಚಳಿ ಹಗುರಾಯಿತು, ಹಾಗೆಂದು ಪೂರ್ತಿ ಬಿಡಲಿಲ್ಲ. ಮಳೆಗಾಲವಿಡೀ ಅವ್ವ ಅವನ ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮಾಡು ಸೋರಿ ಗೋಡೆಯ ಕಲೆಗಳ ಮೇಲೆ ಹೊಗೆಯ ಮಸಿ ಇಳಿಯಿತು. ಆಗ ಗೌರಿಹಬ್ಬ ಬಂತು.

“ಮಣ್ಣು ನೆನೆಹಾಕು,” ಎಂದಳು ಅಜ್ಜಿ.

“ಈ ಸಲ ಇಲ್ಲ ಅತ್ತೆ.”

“ಸೂತಕದ ಮನೇಲಿ ಮಾತ್ರ ಹಬ್ಬಕ್ಕೆ ಗೋಡೆ ಬಳಿಯಾಕಿಲ್ಲ. ಸಾವನ್ನ ಕೈಯಾರೆ ಕರೀತಿದ್ದೀಯ. ಹೋದ ವರ್ಷ ಕರ್ಕೊಂಡು ಹೋದದ್ದು ಸಾಲದಾ?”

ಆ ಮಾತಿಗೆ ಅಪ್ಪನೂ ತಲೆ ಎತ್ತಿದರು. ಅವ್ವ ಅಕ್ಕಿ ಆರಿಸುತ್ತಿದ್ದಳು, ಮೊರ ಕೆಳಗಿಡಲಿಲ್ಲ.

“ಗೋಡೆಗೆ ಸೂತಕ ಇರಲಿ ಬುಡಿ. ಮಗೀಗೆ ಬ್ಯಾಡ.”

ಹೇಳಿದಷ್ಟು ಸುಲಭವಾಗಿ ಅವಳು ಅದನ್ನು ನಂಬಿರಲಿಲ್ಲ. ಹಬ್ಬದ ಹಿಂದಿನ ದಿನ ಅವಳು ಗೋಡೆಯ ಎದುರು ಕೂತು ಖಾಲಿ ಕೈಯನ್ನು ಗಾಳಿಯಲ್ಲಿ ಅರ್ಧ ಚಂದ್ರ ಆಡಿಸುತ್ತಿದ್ದುದನ್ನು ನಾನು ನೋಡಿದೆ. ನೆಲ ಸಾರಿಸಿದಳು, ಗೋಡೆಯ ಬುಡಕ್ಕೆ ಒಂದು ಗೇಣು ಬಿಟ್ಟೇ ಸಾರಿಸಿದಳು, ಕೈ ತಪ್ಪಿ ತಾಗೀತೆಂದು. ಬಾಗಿನ ತಂದ ನನ್ನ ಸೋದರಮಾವ ಒಳಗೆ ಕಾಲಿಟ್ಟವನು ಹೊರಗೆ ಹೆಜ್ಜೆ ತೆಗೆದ. “ಯಾರು ಹೋದ್ರವ್ವ? ನಮಗೆ ಹೇಳಿ ಕಳಿಸಲಿಲ್ಲವಲ್ಲ!” ಅಂದ. “ಯಾರೂ ಇಲ್ಲ ಕಣಣ್ಣ, ಒಳಗೆ ಬಾ,” ಅಂದಳು ಅವ್ವ. ಅಜ್ಜಿ ಒಳಗೆ ಊಟ ಮಾಡಲಿಲ್ಲ. ಎಲೆ ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಕೂತಳು, ಕಡುಬು ಮಾತ್ರ ಇನ್ನೊಂದು ಕೇಳಿ ಹಾಕಿಸಿಕೊಂಡಳು.

ರಾಜು ಉಳಿದ. ಗೋಡೆಯಿಂದಲೋ, ಮಾತ್ರೆಯಿಂದಲೋ, ಅವನ ಆಯುಸ್ಸು ಗಟ್ಟಿಯಿತ್ತೋ, ನನಗೆ ತಿಳಿಯದು. ಆ ಮದ್ದು ವಿಷ, ಹಕ್ಕಿಗಳನ್ನೂ ಮೀನುಗಳನ್ನೂ ಕೊಂದಿತು, ಮನುಷ್ಯರ ಮೈಯಲ್ಲೂ ಕೂತಿತು ಎಂದು ಆಮೇಲೆ ಓದಿದೆ. ಅದೂ ನಿಜವೇ. ನಮ್ಮ ಬೆಕ್ಕಿಗೆ ಮೊದಲೇ ಗೊತ್ತಿತ್ತು. ಒಳ್ಳೆಯದೆಂದು ಅವ್ವ ಕಾಪಾಡಿಕೊಂಡದ್ದು ಒಂದು ವಿಷದ ಗೋಡೆಯನ್ನು. ಇದನ್ನು ಮುಚ್ಚಿಟ್ಟು ಕಥೆ ಹೇಳಲು ನನಗೆ ಆಗುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಸಣ್ಣಕ್ಕ ಬಂದಳು. ಗಾಡಿಯಿಲ್ಲ, ಜತೆಗೆ ಗಂಡನೂ ಬಂದಿರಲಿಲ್ಲ, ಸೇತುವೆಯ ಆಚೆಯಿಂದ ಒಬ್ಬಳೇ ನಡೆದುಕೊಂಡು. ಬಂದವಳೇ ರಾಜುವಿನ ಅಂಗಿ ಎತ್ತಿ ಹೊಟ್ಟೆ ಒತ್ತಿ ನೋಡಿದಳು. ಅವನು ಕಚಗುಳಿಗೆ ಕಿರುಚಿ ಓಡಿದ. ನೀರು ಕುಡಿದು, ಚೊಂಬು ಕೆಳಗಿಟ್ಟು, ಅವ್ವನನ್ನು ಕೇಳಿದಳು:

“ನಾವು ವಾಪಸ್ ಬರಬಹುದೇನೇ? ಈ ವರ್ಷ ಜ್ವರ ಬರಾಕಿಲ್ವಾ?”

ನಾನು ಅವ್ವನ ಬಾಯಿ ನೋಡಿದೆ. ಹೂಂ ಎನ್ನಲಿ ಎಂದು ನನಗೆ ಬಹಳ ಆಸೆಯಿತ್ತು; ಸಣ್ಣಕ್ಕ ಬಂದರೆ ಆಡಲು ಅವಳ ಅಂಗಳವೂ ಸಿಗುತ್ತಿತ್ತು. ಅವ್ವ ಖಾಲಿ ಚೊಂಬು ಎತ್ತಿಕೊಂಡಳು.

“ಗೊತ್ತಿಲ್ಲ ಕಣಕ್ಕ,” ಅಂದಳು. “ನಾವಂತೂ ಇದ್ದೀವಿ. ಬಾ.”

ಸಣ್ಣಕ್ಕ ಮಳೆಗೆ ಮೊದಲೇ ಸಂಸಾರ ಕಟ್ಟಿಕೊಂಡು ವಾಪಸ್ ಬಂದಳು.

ಈಗ ಆ ಜಾಗದಲ್ಲಿ ಶುಂಠಿ ಬೆಳೆಯುತ್ತಾರೆ, ಮನೆಯ ಗುರುತಿಲ್ಲ. ಅದಕ್ಕೆ ನನಗೇನೂ ದುಃಖವಿಲ್ಲ, ಇದ್ದಾಗಲೂ ಅದು ಅಂಥ ಮನೆಯಲ್ಲ. ಕಳೆದುಹೋದದ್ದು ಬೇರೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಯಾವುದೋ ಊರು ಉರಿಯುವುದನ್ನು ನೋಡುತ್ತ ಕೂತಿದ್ದಳು. ಮದುವೆಯಾಗಿ ಕೆಲವು ವರ್ಷವಾಗಿದೆ. ತಲೆ ಎತ್ತದೆಯೇ ಕೇಳಿದಳು: “ಇಂಥ ಕಾಲಕ್ಕೆ ಒಂದು ಮಗೂನ ತರಬಹುದಾ ಅಜ್ಜಿ?” ನಾನು ಮಾತಾಡಿದೆ. ಹಿಂದೆ ಇದಕ್ಕಿಂತ ಕೆಟ್ಟ ಕಾಲ ಇತ್ತು ಎಂದೆ, ಎಲ್ಲ ಸರಿಹೋಗುತ್ತದೆ ಎಂದೆ, ಇನ್ನೂ ಏನೇನೋ ಅಂದೆ. ಅವಳು ತಲೆಯಾಡಿಸುತ್ತ ಕೇಳಿದಳು, ಹಿರಿಯರ ಮಾತು ಕೇಳುವ ಹಾಗೆ.

ಅವ್ವ ಆಗಿದ್ದರೆ, ಸಣ್ಣಕ್ಕನಿಗೆ ಹೇಳಿದ ಹಾಗೆ, ಎರಡೇ ಮಾತಿನಲ್ಲಿ ಮುಗಿಸುತ್ತಿದ್ದಳು: ‘ಗೊತ್ತಿಲ್ಲ’, ‘ನಾವಂತೂ ಇದ್ದೀವಿ’. ಆ ಎರಡೂ ನನ್ನ ನಾಲಿಗೆಯ ಮೇಲೆ ಬಂದಿದ್ದವು. ಮೊದಲನೆಯದನ್ನು ಒಪ್ಪಿಕೊಳ್ಳುವ ಧೈರ್ಯವಿಲ್ಲದೆ ಎರಡನೆಯದನ್ನೂ ನುಂಗಿಕೊಂಡೆ.