ಅಕ್ಕೋರು ಹೊಲಿಸಿದ ಕೌದಿ

ಮಕ್ಕಳೇ, ಸಹನಾ, ವಿನಾಯಕ, ಕೇಳಿ. ನಮ್ಮ ನವನಗರದ ಎದುರುಮನೆಯ ಅಕ್ಕೋರ ಬಲಗೈ ತೋರುಬೆರಳ ತುದಿಯಲ್ಲಿ ಆ್ಯಸಿಡ್ ಬಿದ್ದು ಸುಟ್ಟ ಬಿಳಿ ಕಲೆ ಇತ್ತು. ಮಾತಾಡುವಾಗ ಆ ಬೆರಳು ಗಾಳಿಯಲ್ಲಿ ಚೌಕಗಳನ್ನು ಬರೆಯುತ್ತಿತ್ತು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಕಾಯಿಪಲ್ಲೆ ತರಲು ಹೋದರೂ ಉಪ್ಪಿನಲ್ಲಿ ಏನಿದೆ, ಸುಣ್ಣದಲ್ಲಿ ಏನಿದೆ ಎಂದು ಅಂಗಡಿಯವನಿಗೆ ಹೇಳಿಯೇ ಬರುತ್ತಿದ್ದರು. ನಿಮ್ಮಜ್ಜ ಹೋದ ಮೇಲೆ ನಾನು ಇಳಕಲ್ ಬಿಟ್ಟು ಇಲ್ಲಿಗೆ ಬಂದಾಗ, ನಾಲ್ಕನೇ ಇಯತ್ತೆ ಕಲಿತ ನನ್ನನ್ನು ತಾವಾಗಿ ಮಾತಾಡಿಸಿದವರು ಅವರೊಬ್ಬರೇ. ನಾನು ಹೂಂ ಎಂದು ಮುಗಿಸುತ್ತಿದ್ದೆ.

ಹಳೆಯ ಸೀರೆಗಳಿಂದ ನಾನು ಕೌದಿ ಹೊಲಿಯುವುದನ್ನು ನೋಡಿ ಅವರಿಗೊಂದು ಆಸೆ ಹುಟ್ಟಿತು. ಬೇವೂರಿನ ಕಡೆಯ ಒಂದು ಶಾಲೆಗೆ ಅವರು ಆಗಾಗ ಪಾಠ ಮಾಡಲು ಹೋಗುತ್ತಿದ್ದರು. ಅಲ್ಲಿಯ ಗೋಡೆಗೆ ಧಾತುಗಳ ಆವರ್ತ ಕೋಷ್ಟಕವನ್ನು ಕೌದಿಯಾಗಿ ಹೊಲಿದುಕೊಡು ಎಂದು ಪುಸ್ತಕದ ಹಾಳೆ ಕೊಟ್ಟರು. ಒಂದೊಂದು ಧಾತುವಿಗೆ ಒಂದೊಂದು ತುಂಡು, ಅದರ ಮೇಲೆ ದಾರದಲ್ಲಿ ಹೆಸರು.

ಹಾಳೆಯ ಮೇಲಿನ ಸಾಲುಗಳಲ್ಲಿ ಎಡಕ್ಕೆ ಒಂದೆರಡು ಮನೆ, ಬಲಕ್ಕೆ ಕೆಲವು, ನಡುವೆ ಬರೀ ಖಾಲಿ. ಕೌದಿಯ ನಡುವೆ ಹಾಗೆ ತೆರವು ಬಿಟ್ಟರೆ ಬಟ್ಟೆ ಸಾಲಲಿಲ್ಲವೇನೋ ಎಂದು ಕಂಡವರು ಆಡಿಕೊಳ್ಳುತ್ತಾರೆ. ಕೇಳಲು ನಾಚಿಕೆ. ಬಲಗಡೆಯ ತುಂಡುಗಳನ್ನೆಲ್ಲ ಎಡಕ್ಕೆ ಸರಿಸಿ ಕೂಡಿಸಿದೆ. ಉಳಿದ ಬದಿಗೆ ಕೆಂಪು ಸೆರಗಿನ ಉದ್ದ ತುಂಡು ಹಾಕಿದೆ. ನನ್ನ ಕಣ್ಣಿಗೆ ಚೆಂದವಾಗಿಯೇ ಕಂಡಿತು.

ಅಕ್ಕೋರು ಮಡಿಕೆ ಬಿಚ್ಚಿ ನೋಡದೆ ಶಾಲೆಗೆ ಒಯ್ದರು, ನನ್ನನ್ನೂ ಕರೆದುಕೊಂಡು. ಗೋಡೆಗೆ ತೂಗುಹಾಕಿದ್ದೇ ತಡ, ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಅಕ್ಕೋರ, ಕಬ್ಬಿಣದ ತಲಿ ಮ್ಯಾಲ ಆರ್ಗಾನ್ ಗಾಳಿ ಕುಂತೈತ್ರಿ."

ವರ್ಗವೆಲ್ಲ ನಕ್ಕಿತು. ಅಕ್ಕೋರೂ ನಕ್ಕರು. ಅದೇ ನನಗೆ ಹೆಚ್ಚು ನಟ್ಟಿತು. ಮುಖದ ಮೇಲೆ ಸೆರಗೆಳೆದುಕೊಂಡು ಹೊರಗೆ ಹೋಗಿ ನಿಂತೆ.

ಆಮೇಲೆ ಅವರು ಬಂದರೆ ಬಾಗಿಲಿಗೆ ನಿಮ್ಮನ್ನು ಕಳಿಸುತ್ತಿದ್ದೆ. ವಿನಾಯಕ, ನೀನೊಮ್ಮೆ, "ಅಜ್ಜಿ ಮಲ್ಕೊಂಡೀನಿ ಅಂತ ಹೇಳಂದಾಳ್ರಿ" ಎಂದುಬಿಟ್ಟೆ. ಅಕ್ಕೋರು ಸೀದಾ ಒಳಗೆ ಬಂದು, ಶಾಲೆಯಿಂದ ಮರಳಿ ತಂದಿದ್ದ ಆ ಕೌದಿಯನ್ನು ಹಾಸಿ ನನ್ನ ಬದಿಗೆ ಕುಳಿತರು.

"ಅಡ್ಡ ಸಾಲಿನ್ಯಾಗ ನಂಬರ್ ಒಂದೊಂದ ಏರ್ಕೋತ ಹೋಗ್ತೈತಿ, ತಂಗಿ. ಉದ್ದ ಸಾಲಿನ್ಯಾಗ ಒಂದ ಗುಣದವು ಇರ್ತಾವ. ಅವು ಒಂದರ ಕೆಳಗ ಒಂದು ಬರ್ಲಿ ಅಂತ ನಡುವ ಜಾಗಾ ಬಿಟ್ಟಾರ. ನೀ ಬ್ಯಾರೆ ಬ್ಯಾರೆ ಮನಿಯವರನ್ನ ತಂದು ಒಂದ ಮನ್ಯಾಗ ತುಂಬೀದಿ."

ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಒಂದೇ ಮನೆತನದವು. ನೀರು ಸೋಕಿದರೆ ಸಿಡಿಮಿಡಿ, ಕೆಳಗಿಳಿದಷ್ಟೂ ಸಿಟ್ಟು ಹೆಚ್ಚು. ಅವುಗಳ ಮೇಲಿರುವ ಹೈಡ್ರೋಜನ್ ಬಂದು ಕುಳಿತ ಬೀಗನಂತೆ. ಬಲತುದಿಯ ಹೀಲಿಯಂ, ನಿಯಾನ್, ಆರ್ಗಾನ್ ಯಾರ ಗೊಡವೆಗೂ ಹೋಗದವು. "ಥೇಟ್ ನಿನ್ನಂಗ" ಎಂದರು. ನನಗೂ ನಗು ಬಂತು. ಇಬ್ಬರೂ ಕೂಡಿ ಹೊಲಿಗೆ ಬಿಚ್ಚಿ ಮತ್ತೆ ಹೊಲಿದೆವು. ರೊಟ್ಟಿ ಬಡಿಯುತ್ತಾ ನಾನು ಒಂದೊಂದೇ ಉದ್ದ ಸಾಲನ್ನು ಬಾಯಿಪಾಠ ಮಾಡಿದೆ, ಯಾರೂ ಇಲ್ಲದಾಗ.

ಹೋದ ಬೇಸಿಗೆಯಲ್ಲಿ ಅಕ್ಕೋರು ದವಾಖಾನೆ ಸೇರಿದರು. ನಾನು ಹೋದಾಗ ಮಂಚದ ಸುತ್ತ ಅವರ ಹಳೆಯ ವಿದ್ಯಾರ್ಥಿಗಳು ನೆರೆದಿದ್ದರು, ದೊಡ್ಡ ದೊಡ್ಡ ನೌಕರಿಯವರು. ನನ್ನನ್ನು ಕಂಡು ಅಕ್ಕೋರ ಮುಖ ಅರಳಿತು.

"ಮೊದಲನೇ ಉದ್ದ ಸಾಲು ಹೇಳವಾ. ಇವರೂ ಕೇಳ್ಲಿ."

ನನಗೆ ಬರುತ್ತಿತ್ತು. ಅಷ್ಟು ಕಣ್ಣುಗಳು ತಿರುಗಿದ್ದೇ ನಾಲಿಗೆ ಏಳಲಿಲ್ಲ. ತಲೆ ತಗ್ಗಿಸಿ ಸೆರಗಿನ ಅಂಚು ಹಿಚುಕುತ್ತಾ ನಿಂತೆ. ಯಾರೋ ಮಾತು ಬದಲಿಸಿದರು. ಅಕ್ಕೋರು ಮೆಲ್ಲಗೆ, "ಇರ್ಲಿ ಬಿಡ. ಆಕಿಗೆ ಬರ್ತೈತಿ" ಎಂದರು. ಆ ವಾರವೇ ಹೋದರು. ಸಾಯುವವರು ಕೇಳಿದ್ದು ಅಷ್ಟೇ. ಅದನ್ನೂ ಕೊಡಲಾಗಲಿಲ್ಲ ಎಂದು ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ, ಫ್ರಾನ್ಸಿಯಂ.

ನಾನಿರುವ ತನಕ, ನಾನು ಬರೆದಿಟ್ಟ ಇದನ್ನು ನನ್ನೆದುರು ಗಟ್ಟಿಯಾಗಿ ಓದಬೇಡಿ, ಮಕ್ಕಳೇ. ಆದರೆ ಈ ಹಾಳೆಗಳನ್ನು ಜೋಪಾನ ಮಾಡಿ.