ರೆಪ್ಪೆಯ ಹಿಂದಿನ ಉಳಿ

ಟಕ್... ಟಕ್... ಟಕ್.

ಸಿಂದಗಿಯ ನಮ್ಮ ಅಂಗಳದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಾನು ಕಾನ್ವೆಂಟ್‌ನಲ್ಲಿ ಕಲಿತವಳು. ದೆವ್ವದ ಮಾತೆತ್ತಿದವರ ಬಾಯನ್ನು ‘ನಾನ್‌ಸೆನ್ಸ್’ ಎಂದು ಮುಚ್ಚಿಸಿದವಳು. ಆದರೂ ಇದು ನಡೆದದ್ದು. ನಂಬದಿದ್ದರೆ ಬಿಡಿ.

ದೇವಣಗಾಂವದ ಶಾಂತವ್ವ ಬೀಸುಕಲ್ಲು ಹೊಡೆಯುವವಳು. ಸವೆದು ನುಣುಪಾದ ಕಲ್ಲನ್ನು ಉಳಿ-ಸುತ್ತಿಗೆಯಿಂದ ಮತ್ತೆ ಒರಟು ಮಾಡುವುದು ಅವಳ ಕಸುಬು. “ಓಣಿಗೊಂದು ಗಿರಣಿ ಅದಾವು, ಬಾಯಾರಿಗೆ ಇನ್ನೂ ಕಲ್ಲಿನ ಹಿಟ್ಟೇ ಬೇಕು! ನಾಲಿಗಿಗೆ ಭಾರಿ ಸೊಕ್ಕು ಬಿಡ್ರಿ!” ಎಂದು ನನ್ನನ್ನು ಛೇಡಿಸಿ ನಗುತ್ತಲೇ ಹೊಡೆಯುತ್ತಿದ್ದಳು.

ಆ ಸಂಜೆ ನಮ್ಮ ಅಂಗಳದಲ್ಲಿ ಕಲ್ಲು ಹೊಡೆಯುತ್ತಿದ್ದವಳು ಒಮ್ಮೆಲೇ “ಯವ್ವಾ!” ಎಂದು ಬಲಗಣ್ಣು ಒತ್ತಿ ಹಿಡಿದಳು.

ಪಕ್ಕದ ಮನೆಯ ಗಂಗಜ್ಜಿ ಓಡಿ ಬಂದಳು. ಓಣಿಯಲ್ಲಿ ಯಾರ ಕಣ್ಣಿಗೆ ಕಸ ಬಿದ್ದರೂ ನಾಲಿಗೆಯ ತುದಿಯಿಂದ ತೆಗೆಯುವವಳು ಅವಳೇ. ರೆಪ್ಪೆ ಬಿಡಿಸಿ ನೆಕ್ಕಿದಳು, ಅಂಗೈ ಮೇಲೆ ಉಗುಳಿದಳು. ಕಲ್ಲಿನ ಹರಳು!

“ಬಂತ್ ನೋಡವಾ!”

“ಆದರೂ ದವಾಖಾನಿಗೆ ಹೋಗೋಣು. ಒಂದು ಎಕ್ಸ್‌ರೇ ಆಗಲಿ,” ಎಂದೆ.

ಜೊತೆಗೆ ಬಂದಿದ್ದ ಶಾಂತವ್ವನ ಗಂಡ ಮಲ್ಲಪ್ಪ ನಕ್ಕ. “ಕಸ ಕಣ್ಮುಂದ ಬಂದೈತಲ್ರಿ! ಓದಿದವ್ರಿಗೆ ಎಲ್ಲಾದಕ್ಕೂ ಡಾಕ್ಟರ್ ಬೇಕು.”

ಆ ನಗು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಕಣ್ಣು ಅವನದಲ್ಲವಲ್ಲ!

ದೇವಣಗಾಂವದ ಬಸ್ ತಪ್ಪಿತ್ತು. ಇಬ್ಬರೂ ನಮ್ಮ ಪಡಸಾಲೆಯಲ್ಲೇ ಮಲಗಿದರು.

ನಡುರಾತ್ರಿ... ಟಕ್... ಟಕ್.

ಟಾರ್ಚ್ ಹಿಡಿದು ಎದ್ದೆ. ಉಳಿ, ಸುತ್ತಿಗೆ ಚೀಲದಲ್ಲಿ ಕಟ್ಟಿಟ್ಟಂತೆಯೇ ಇದ್ದವು. ಅಂಗಳದಲ್ಲಿ ಯಾರೂ ಇಲ್ಲ. ಪಡಸಾಲೆಯ ತುಂಬ ಮಾತ್ರ ಕಲ್ಲು ಹೊಡೆದಾಗ ಏಳುವ ಆ ಸುಟ್ಟ ವಾಸನೆ...

ಶಾಂತವ್ವ ಎದ್ದು ಕುಳಿತಿದ್ದಳು. “ಬಾಯಾರ... ಒಳಗ ಯಾರೋ ಹೊಡಿಯಾಕತ್ತಾರ್ರಿ.”

ಅವಳ ಮುಖದ ಹತ್ತಿರ ಬಾಗಿದೆ. ಸದ್ದು ಅಲ್ಲಿಂದಲೇ ಬರುತ್ತಿತ್ತು... ಮುಚ್ಚಿದ ರೆಪ್ಪೆಯ ಹಿಂದಿನಿಂದ.

ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಗೊರಕೆ ಹೊಡೆಯುತ್ತಿದ್ದ ಮಲ್ಲಪ್ಪನನ್ನು ಟಾರ್ಚಿನಿಂದಲೇ ತಿವಿದೆ. “ಏಳು! ಈಗರ ಕೇಳಸ್ತದೋ ಇಲ್ಲೋ?”

ಕೇಳಿಸಿತು. ಆಗಲೇ ಕಾರು ಮಾಡಿಕೊಂಡು ವಿಜಯಪುರಕ್ಕೆ ಹೋದೆವು.

ಸ್ಕ್ಯಾನ್‌ನಲ್ಲಿ ಕಣ್ಣುಗುಡ್ಡೆಯೊಳಗೆ ಉಕ್ಕಿನ ಚೂರು ಕಂಡಿತು. ಉಳಿಯ ತಲೆಯಿಂದ ಸಿಡಿದದ್ದು. ಗಂಗಜ್ಜಿ ತೆಗೆದದ್ದು ಮೇಲಿದ್ದ ಹರಳು ಮಾತ್ರ! ಬೆಳಿಗ್ಗೆಯೇ ಆಪರೇಶನ್ ಮಾಡಿ ಚೂರು ತೆಗೆದರು.

“ಇನ್ನೂ ತಡಾ ಮಾಡಿದ್ರ ಕೀವಾಗಿ ಕಣ್ಣೇ ಹೋಗ್ತಿತ್ತು,” ಎಂದರು ಡಾಕ್ಟರಮ್ಮ. “ಹೊರಗಿಂದ ಏನೂ ಕಾಣೂದಿಲ್ಲ. ರಾತ್ರಿನೇ ಹ್ಯಾಂಗ್ ಗೊತ್ತಾತ್ರಿ?”

ಮಲ್ಲಪ್ಪ ನೆಲ ನೋಡುತ್ತ ನಿಂತಿದ್ದ. ನೋಡಲಿ!

ಕಣ್ಣು ಉಳಿಯಿತು, ನೋಟ ಮಸುಕು.

ಶಾಂತವ್ವನನ್ನು ಕೊನೆಯ ಸಲ ಕಂಡದ್ದು ನಮ್ಮ ಗೇಟಿನಲ್ಲಿ. ಕಪ್ಪು ಕನ್ನಡಕ ಹಾಕಿದ್ದಳು. ಎಷ್ಟು ಕರೆದರೂ ಒಳಗೆ ಬರಲಿಲ್ಲ.

“ಕಲ್ಲು ಮತ್ತ ಯಾರ ಕೈಲೆ ಹೊಡಸೀರ್ರಿ?”

“ಯಾರ ಕೈಲೂ ಇಲ್ಲವಾ.”

ಅವಳು ಕತ್ತು ಓರೆ ಮಾಡಿ ಕೇಳಿಸಿಕೊಂಡಳು. “ಮತ್ತ... ಈಗ ಹೊಡಿಯಾಕತ್ತವ್ರು ಯಾರ್ರಿ?”

ಹಿಂತಿರುಗಿ ನೋಡಿದೆ. ಅಂಗಳ ಖಾಲಿ. ಇತ್ತ ತಿರುಗುವಷ್ಟರಲ್ಲಿ ಸೆರಗಿನಿಂದ ಬಲಗಣ್ಣು ಮುಚ್ಚಿಕೊಂಡು ಅವಳು ಓಣಿಯ ತಿರುವು ದಾಟುತ್ತಿದ್ದಳು.