ಉಳಿಸಬಹುದಿತ್ತು, ಉಳಿಸಿದೆ

ಇಂಗ್ರೇಜಿಯಲ್ಲಿ ‘ಹ್ಯಾವ್’ ಎಂಬ ಪುಟ್ಟ ಪದವೊಂದಿದೆ. ‘ಕುಡ್’ ಎಂದರೆ ಹಿಂದೊಮ್ಮೆ ನಮಗೆ ಶಕ್ತಿಯಿತ್ತು ಎಂದರ್ಥ. ಅದರ ಬೆನ್ನಿಗೆ ‘ಹ್ಯಾವ್’ ಬಂದು ಕೂತರೆ, ಶಕ್ತಿಯೇನೋ ಇತ್ತು, ಕೆಲಸ ಮಾತ್ರ ಆಗಲಿಲ್ಲ ಎಂದಾಗುತ್ತದೆ. ಈ ಪದ ಬೀದರ ಸೀಮೆಯ ಔರಾದಿನಲ್ಲಿ ಜೀವಂತ ಮುದುಕಿಯೊಬ್ಬಳನ್ನು ಅರೆಗಳಿಗೆ ಕೊಂದುಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮಹನೀಯರೇ.

ನಿಜಾಮರ ಕಾಲ. ನಾನು ಅಲ್ಲಿನ ಶಾಲೆಯಲ್ಲಿ ಕಿರಿಯ ಮಾಸ್ತರ. ಹೆಡ್ ಮಾಸ್ತರರು ಭಾಲ್ಕಿಯ ಶರಣಪ್ಪನವರು. ಶಾಲೆಯ ಉರ್ದು, ಮನೆಯ ಕನ್ನಡ, ಪೇಟೆಯ ಮರಾಠಿ ಮೂರರಲ್ಲೂ ಸಲೀಸಾಗಿ ಮಾತಾಡುತ್ತಿದ್ದ ಅವರು ಇಂಗ್ರೇಜಿಯಲ್ಲಿ ಮಾತ್ರ ಧೈರ್ಯವನ್ನೇ ನೆಚ್ಚಿಕೊಂಡಿದ್ದರು. ನನಗೋ ಅದರ ವ್ಯಾಕರಣವೆಲ್ಲ ಬಾಯಿಪಾಠ. ಆದರೆ ಸಾಹೇಬರೆದುರು ಬಾಯಿಯೇ ತೆರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಎದುರು ಮನೆಯ ಮುದುಕಿ ಮಲ್ಲಮ್ಮ ನೀರು ಸೇದುವಾಗ ಶಾಲೆಯ ಬಾವಿಗೆ ಬಿದ್ದಳು. ಶರಣಪ್ಪನವರು ರುಮಾಲನ್ನೂ ಬಿಚ್ಚದೆ ಧುಮುಕಿ, ನಾವು ಇಳಿಬಿಟ್ಟ ಹಗ್ಗಕ್ಕೆ ಆಕೆಯನ್ನು ಕಟ್ಟಿ ಮೇಲೆ ಕಳಿಸಿದರು. ಮುದುಕಿಗಾಗಿ ಹೆಡ್ ಮಾಸ್ತರರು ಬಾವಿಗೆ ಹಾರಿದರೆಂಬಷ್ಟು ಸುದ್ದಿ ಬೀದರವನ್ನು ಮುಟ್ಟಿತು; ಆಕೆ ಉಳಿದಳೋ ಇಲ್ಲವೋ ಎಂಬುದು ಮುಟ್ಟಲಿಲ್ಲ. ಶಾಲಾ ತಪಾಸಣೆಗೆ ಬಂದ ಇಂಗ್ರೇಜ್ ಸಾಹೇಬರು, ಇಂಥವರನ್ನು ಬೀದರದ ದೊಡ್ಡ ಶಾಲೆಗೆ ಕರೆಸಿಕೊಳ್ಳಬೇಕೆಂಬ ಮನಸ್ಸಿನಿಂದ, ಆ ಮುದುಕಿಯ ಸಂಗತಿಯೇನೆಂದು ಕೇಳಿದರು.

ಶರಣಪ್ಪನವರು ಎದೆಯುಬ್ಬಿಸಿ, “ಐ ಕುಡ್ ಹ್ಯಾವ್ ಸೇವ್ಡ್ ಹರ್, ಸರ್!” ಎಂದರು.

ಸಾಹೇಬರು ಮೆಲ್ಲಗೆ ಟೋಪಿ ತೆಗೆದರು. ಉಳಿಸುವ ಶಕ್ತಿಯಿದ್ದೂ ಯಾಕೆ ಕೈಬಿಟ್ಟಿರಿ ಎಂದು ಇಂಗ್ರೇಜಿಯಲ್ಲೇ ಕೇಳಿದರು. ಅದನ್ನು ಹೊಗಳಿಕೆಯೆಂದು ತಿಳಿದ ಶರಣಪ್ಪನವರು ಮುಗುಳ್ನಕ್ಕು, “ಯೆಸ್, ಸರ್,” ಎಂದರು. ಸಾಹೇಬರ ಮುಖ ಕೆಂಪೇರಿತು. ಬೀದರವಿರಲಿ, ಇದ್ದ ನೌಕರಿಯೂ ಹೋಗುವಂತಿತ್ತು.

ನನ್ನ ನಾಲಿಗೆ ಹೊರಳದಿದ್ದರೂ ಕಾಲು ಓಡಿತು. ರೊಟ್ಟಿ ಬಡಿಯುತ್ತಿದ್ದ ಮಲ್ಲಮ್ಮನನ್ನು ಹಿಟ್ಟಿನ ಕೈಯಲ್ಲೇ ಎಳೆತಂದು ಸಾಹೇಬರ ಮುಂದೆ ನಿಲ್ಲಿಸಿದೆ.

“ಏನಾತ್ರೀ ಮಾಸ್ತರ? ರೊಟ್ಟಿ ಹೊತ್ತಲಾಕತ್ತಾವ,” ಎಂದಳು ಆಕೆ.

“ನೀ ಸತ್ತೀದಿ ಅಂತ ತಿಳಕೊಂಡಾರ ಸಾಹೇಬ್ರು,” ಎಂದೆ.

“ಅಯ್ಯ, ಯಾಕ ಸಾಯ್ಲಿ! ನಮ್ಮ ಮಾಸ್ತರು ಉಳಿಸ್ಯಾರಲ್ರಿ!”

ಆಗ ನನಗೂ ನಾಲಿಗೆ ಬಂತು. ಮಲ್ಲಮ್ಮನತ್ತ ಕೈ ತೋರಿ, “ದಿಸ್ ಈಸ್ ಹರ್, ಸರ್. ನೋ ಹ್ಯಾವ್!” ಎಂದೆ. ಸಾಹೇಬರು ಕಣ್ಣಲ್ಲಿ ನೀರು ಬರುವಂತೆ ನಕ್ಕು, ‘ವಾಸ್ ಏಬಲ್ ಟು ಸೇವ್’ ಎನ್ನಬೇಕೆಂದು ತಿದ್ದಿ, ಶರಣಪ್ಪನವರ ಕೈ ಕುಲುಕಿದರು. ಬೀದರದ ನೌಕರಿ ಅಲ್ಲೇ ಖಾಯಮಾಯಿತು. ಮಾಡಬಹುದಿತ್ತು ಎನ್ನಲು ನಮಗೆಲ್ಲ ಬರುತ್ತದೆ. ಮಾಡಿದೆ ಎನ್ನಲು ಇಂಥದೊಂದು ದಿನ ಬದುಕಿನಲ್ಲಿ ಬೇಕಲ್ಲವೇ ಎಂದುಕೊಂಡೆ.

ವರ್ಗಾವಣೆಯ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸಿದೊಡನೆ ಮಲ್ಲಮ್ಮನ ಮುಖ ಸಪ್ಪಗಾಯಿತು.

“ಬೀದರಕ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಮೊದಲ ಈ ಬಾವಿಗಿ ಒಂದು ಕಟ್ಟಿ ಕಟ್ಟಸ್ರಿ. ಈ ಸಣ್ಣ ಮಾಸ್ತರಗ ಈಜು ಬರಂಗಿಲ್ಲ!”

ಶರಣಪ್ಪನವರು ಗಾಡಿ ಹೂಡಿಸುವ ಮೊದಲು ಕಟ್ಟೆ ಎದ್ದಿತು. ಕಲ್ಲು ಹೊತ್ತವನು ನಾನೇ.